ಉದ್ರಿ ಆ್ಯಪ್‌ನಲ್ಲಿ ‘ಹೈ’ ಅಂದ್ರೆ ಯಾರು? ವಸೂಲಿ ಆದ್ಯತೆ ಸೆಟ್ ಮಾಡುವ ಮುನ್ನ



ಈ ವಾರ ಗೊಬ್ಬರ, ರೋಗ, ಬೀಜೋಪಚಾರ ಯಾವುದೂ ಇಲ್ಲ. ಬಾಕಿ ವಸೂಲಿ ಲೆಕ್ಕದ ಬಗ್ಗೆ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರು ರೈತ ಉತ್ಪಾದಕರ ಕಂಪನಿ ನಡೆಸುತ್ತಿದ್ದೀರಿ. ಕೆಲವರದ್ದು ಸ್ವಂತ ಗೊಬ್ಬರದ ಅಂಗಡಿ, ನರ್ಸರಿ, ಇಲ್ಲ ಬಾಡಿಗೆ ಟ್ರ್ಯಾಕ್ಟರ್. ಇವೆಲ್ಲದರಲ್ಲೂ ಉದ್ರಿ ಇದ್ದೇ ಇರುತ್ತೆ. ಮೊದಲು ಕೆಂಪು ಬಟ್ಟೆಯ ಪುಸ್ತಕದಲ್ಲಿದ್ದದ್ದು ಈಗ ಫೋನಿಗೆ ಬಂದಿದೆ. ಫೋನಿಗೆ ಬಂದ ಮೇಲೆ ಯಾರಿಗೆ ಮೊದಲು ಕರೆ ಮಾಡಬೇಕು ಅಂತ ಆ್ಯಪೇ ಹೇಳುತ್ತೆ. ಅದು ಹಾಗೆ ಹೇಳೋದು ನಾವು ತುಂಬಿದ ಸೆಟ್ಟಿಂಗ್ಸ್ ನೋಡಿಕೊಂಡು. ನಾನು ಅದನ್ನು ತಪ್ಪು ತುಂಬಿದ್ದೆ. ಅದರಿಂದ ಏನಾಯ್ತು, ಆಮೇಲೆ ಹೇಗೆ ಸರಿ ಮಾಡಿದೆವು ಅನ್ನೋದೇ ಇವತ್ತಿನ ಪಾಠ.

ನಮ್ಮ ಕಚೇರಿ ಮೈಸೂರಿನ ಬಂಡೀಪಾಳ್ಯದ ಎಪಿಎಂಸಿ ಹತ್ತಿರ. ಸದಸ್ಯರು ನಂಜನಗೂಡು, ತಿ. ನರಸೀಪುರ, ಹುಣಸೂರು ಕಡೆಯವರು. ಗೊಬ್ಬರ, ಬೀಜ, ಔಷಧಿ ಉದ್ರಿ ಕೊಡುತ್ತೇವೆ. ಬಾಕಿ ಏರುತ್ತಿದೆ ಅಂತ ಆಡಳಿತ ಮಂಡಳಿಯಲ್ಲಿ ಗಲಾಟೆ ಆದಾಗ ವಸೂಲಿ ಸಾಫ್ಟ್‌ವೇರ್ ಒಂದನ್ನು ತಂದೆವು. ಹೆಸರು ಬೇಡ ಬಿಡಿ, ತಪ್ಪು ಅದರದ್ದಲ್ಲ. ಅದರಲ್ಲಿ ಪ್ರತಿ ಗ್ರಾಹಕರ ಹೆಸರಿನ ಮುಂದೆ ‘ಆದ್ಯತೆ’ ಅಂತ ಒಂದು ಖಾನೆ ಇತ್ತು. ಹೈ, ಮೀಡಿಯಂ, ಲೋ. ಆ್ಯಪ್ ತಾನೇ ಲೆಕ್ಕ ಹಾಕಿ ತುಂಬುತ್ತೆ, ಬೇಕಾದರೆ ನಾವು ಕೈಯಲ್ಲೂ ಬದಲಾಯಿಸಬಹುದು.

ನಮ್ಮ ಅಂಗಡಿ ಹುಡುಗ ಒಳ್ಳೆಯವನು, ಚುರುಕು. ‘ಆದ್ಯತೆ’ ಅಂದರೆ ಬೇಕಾದ ಗಿರಾಕಿ, ಮರ್ಯಾದೆ ಕೊಡಬೇಕಾದ ಗಿರಾಕಿ ಅಂದುಕೊಂಡ. ಹತ್ತು ವರ್ಷದಿಂದ ಒಂದು ರೂಪಾಯಿ ಉಳಿಸಿಕೊಳ್ಳದ ಹಿರಿಯ ಸದಸ್ಯರನ್ನೆಲ್ಲ ಹುಡುಕಿ ಹುಡುಕಿ ‘ಹೈ’ ಮಾಡಿದ. ಆ್ಯಪ್‌ಗೆ ‘ಹೈ’ ಅಂದರೆ ಬೇರೆ ಅರ್ಥ: ಮೊದಲು ಬೆನ್ನು ಹತ್ತಬೇಕಾದವರು. ದಿನಕ್ಕೆ ಮೂರು ರೆಕಾರ್ಡೆಡ್ ಕರೆ, ಒಂದು ಮೆಸೇಜು. ಇನ್ನೊಂದು ತಪ್ಪು ನನ್ನದು. ಗಡುವಿನ ಖಾನೆಯಲ್ಲಿ ಕಂಪನಿಯವರು ಮೊದಲೇ ಇಟ್ಟಿದ್ದ 30 ದಿನವನ್ನು ಹಾಗೇ ಬಿಟ್ಟಿದ್ದೆ.

ನಂಜನಗೂಡು ಕಡೆಯ ಕಬ್ಬು ಬೆಳೆಗಾರ ದೊಡ್ಡಪ್ಪ ಒಬ್ಬರು ಜುಲೈ ಮೊದಲ ವಾರ 18,400 ರೂಪಾಯಿ ಗೊಬ್ಬರ ಒಯ್ದಿದ್ದರು. ಕಬ್ಬು ಕಡಿದ ಮೇಲೆ ಕೊಡುವುದು ಅವರ ಪದ್ಧತಿ, ನಮಗೂ ಗೊತ್ತು. ಆ್ಯಪ್‌ಗೆ ಗೊತ್ತಿಲ್ಲವಲ್ಲ. ಅಕ್ಟೋಬರ್ ಹೊತ್ತಿಗೆ ಅದರ ಪ್ರಕಾರ ಅವರು 60 ದಿನಕ್ಕೂ ಹೆಚ್ಚು ತಡ. ಲೆಕ್ಕದಿಂದ ಬಂದದ್ದು ‘ಮೀಡಿಯಂ’ ಅಷ್ಟೇ. ಆದರೆ ಹುಡುಗ ಕೈಯಲ್ಲಿ ಹಾಕಿದ ‘ಹೈ’ ಅದನ್ನು ಮೀರಿತು. ನಾಲ್ಕು ದಿನಕ್ಕೆ 11 ಕರೆ ಹೋಯಿತು. ಐದನೇ ದಿನ ದೊಡ್ಡಪ್ಪ ಬಸ್ಸಿನಲ್ಲಿ ಬಂದು ಪೂರ್ತಿ ದುಡ್ಡು ಮೇಜಿನ ಮೇಲಿಟ್ಟರು. ಜೊತೆಗೆ ಷೇರು ಸರ್ಟಿಫಿಕೇಟನ್ನೂ ಇಟ್ಟರು.

“ಏನ್ ಮಗ, ನಿನ್ ಕಂಪ್ಯೂಟ್ರು ದಿನಾ ಮೂರ್ ಸಲ ನನ್ನ ಸಾಲಗಾರ ಅಂತದೆ. ನಾನ್ ಯಾವತ್ತು ಕೊಡಲ್ಲ ಅಂದಿದ್ದೆ?” ಅಂದರು.

ದೊಡ್ಡಮ್ಮನ ಸರ ಗಿರವಿ ಇಟ್ಟು ತಂದ ದುಡ್ಡು ಅದು. ಫೋನು ಎತ್ತುತ್ತಿದ್ದದ್ದು ಶಾಲೆಗೆ ಹೋಗೋ ಮೊಮ್ಮಗಳಂತೆ.

ಅದೇ ವಾರ ಪಟ್ಟಿಯ ಕೆಳಗೆ ನೋಡಿದೆ. ತರಕಾರಿ ಬೆಳೆಯುವ ನಮ್ಮ ವಯಸ್ಸಿನ ಸದಸ್ಯನೊಬ್ಬ ‘ಲೋ’ದಲ್ಲಿ ಆರಾಮಾಗಿ ಕೂತಿದ್ದ. ಬಂಡೀಪಾಳ್ಯಕ್ಕೇ ಮಾಲು ತರುತ್ತಾನೆ, ಕೈಗೆ ನಗದು ಸಿಗುತ್ತೆ. ತಿಂಗಳಿಗೆ 1,500 ರೂಪಾಯಿ ಔಷಧಿ ಒಯ್ಯುತ್ತಾನೆ, 500 ಕೊಡುತ್ತಾನೆ. ಆ್ಯಪ್ ‘ಕೊನೆಯ ಪಾವತಿ ದಿನಾಂಕ’ ನೋಡಿ, ಹೋದ ತಿಂಗಳು ತಾನೇ ಕೊಟ್ಟಿದ್ದಾನೆ, ಸರಿ ಇದ್ದಾನೆ ಅಂದಿತ್ತು. ಬಾಕಿ ಮಾತ್ರ ಸದ್ದಿಲ್ಲದೆ 9,600 ಆಗಿತ್ತು.

ಗಡುವು ಬೆಳೆಯದ್ದು, ಕ್ಯಾಲೆಂಡರಿನದ್ದಲ್ಲ

ಹಾಗಾಗಿ ಆದ್ಯತೆಗೆ ಕೈ ಹಾಕುವ ಮೊದಲು ಗಡುವು ಸರಿ ಮಾಡಬೇಕು. ಬಹುತೇಕ ವಸೂಲಿ ಸಾಫ್ಟ್‌ವೇರ್‌ಗಳನ್ನು ತಿಂಗಳ ಸಂಬಳದವರಿಗೆ, ಪೇಟೆ ವ್ಯಾಪಾರಿಗಳಿಗೆ ಅಂತ ಮಾಡಿರುತ್ತಾರೆ. 30, 60, 90 ದಿನ ಅನ್ನೋದು ಅವರ ಬದುಕಿನ ಲೆಕ್ಕ. ನಮ್ಮಲ್ಲಿ ದುಡ್ಡು ಬರುವ ದಿನ ಬೆಳೆ ಬೆಳೆಗೂ ಬೇರೆ.

ಹಾಲು ಹಾಕುವ ಮನೆಗೆ ಡೇರಿ ಬಟವಾಡೆ ಆಗುತ್ತಲೇ ಇರುತ್ತೆ. ಅವರಿಗೆ 30 ದಿನದ ಗಡುವು ಕಷ್ಟವಲ್ಲ. ರೇಷ್ಮೆಯವರಿಗೆ ಗೂಡು ಮಾರಿದ ದಿನವೇ ಹಬ್ಬ. ಚಾಕಿ ತಂದ ದಿನದಿಂದ ಒಂದು ತಿಂಗಳೊಳಗೆ ಗೂಡು ಬರುತ್ತೆ, ಆದರೆ ಸೊಪ್ಪಿನ ತೋಟಕ್ಕೆ ಗೊಬ್ಬರ ಹಾಕಿದ್ದು ಅದಕ್ಕೂ ಹಿಂದೆ. ನಾವು 75 ದಿನ ಇಟ್ಟೆವು. ನಾಲೆ ಬಯಲಿನ ಭತ್ತದವರು ಜುಲೈ–ಆಗಸ್ಟ್‌ನಲ್ಲಿ ನಾಟಿ ಮಾಡಿದರೆ ಕೊಯ್ಲು ವರ್ಷದ ಕೊನೆಗೆ, ಹಾಗಾಗಿ ಜನವರಿ 31. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನವರು ಬ್ಯಾರನ್‌ನಲ್ಲಿ ಬೇಯಿಸಿ ತಂಬಾಕು ಮಂಡಳಿಯ ಹರಾಜಿಗೆ ಹಾಕಬೇಕು. ಹರಾಜು ಶುರುವಾದ ದಿನಕ್ಕೇ ಎಲ್ಲರ ಬೇಲು ಮಾರಾಟ ಆಗಲ್ಲ, ತಿಂಗಳುಗಟ್ಟಲೆ ನಡೆಯುತ್ತೆ. ಅವರಿಗೆ ಎರಡು ಕಂತು ಮಾಡಿದೆವು.

ಕಬ್ಬಿನದ್ದು ಎಲ್ಲಕ್ಕಿಂತ ತೊಡಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ 15% ಬಡ್ಡಿ ಸೇರಿಸಬೇಕು. ಕಾಗದದಲ್ಲಿ ಹೀಗಿದೆ. ಕಟಾವಿನ ಆದೇಶ ಬರೋದು, ಆಳು ಸಿಗೋದು, ಲಾರಿ ಸಿಗೋದು, ಹಣ ಜಮೆ ಆಗೋದು ರೈತನ ಕೈಯಲ್ಲಿಲ್ಲ. ಅದಕ್ಕೆ ಕಬ್ಬಿನ ಸದಸ್ಯರಿಗೆ ದಿನಾಂಕ ಹಾಕುವುದನ್ನೇ ಬಿಟ್ಟೆವು. ‘ಕಟಾವು ಆದ ದಿನ’ ಅಂತ ಒಂದು ಖಾನೆ ಸೇರಿಸಿ, ಅದಕ್ಕೆ 30 ದಿನ ಕೂಡಿಸಿ ಗಡುವು ಬರುವ ಹಾಗೆ ಮಾಡಿದೆವು. ಖಾನೆ ಖಾಲಿ ಇದ್ದರೆ ಗಡುವೇ ಶುರುವಾಗಲ್ಲ. ದುರುಪಯೋಗ ಆಗಲ್ವಾ ಅಂತ ಖಜಾಂಚಿ ಕೇಳಿದರು. ಆಗಬಹುದು. ನಾಟಿಯಾಗಿ 14 ತಿಂಗಳಾದರೂ ಖಾಲಿ ಇದ್ದರೆ ಒಬ್ಬರು ಹೋಗಿ ಗದ್ದೆ ನೋಡಿ ಬರೋದು ಅಂತ ತೀರ್ಮಾನ ಆಯ್ತು. ನಮ್ಮ ಕಡೆ ಕಬ್ಬಿನ ಗದ್ದೆಯನ್ನು ಯಾರೂ ಬಚ್ಚಿಡೋಕೆ ಆಗಲ್ಲ.

ಹೈ, ಮೀಡಿಯಂ, ಲೋ ತೆಗೆದು ಹಾಕಿ

ಆ ಮೂರು ಹೆಸರುಗಳೇ ಜಗಳದ ಮೂಲ. ಅವು ಮನುಷ್ಯನಿಗೆ ಹಚ್ಚಿದ ಬಣ್ಣದ ಹಾಗಿವೆ, ಕೆಲಸ ಏನು ಅಂತ ಹೇಳಲ್ಲ. ಹೆಚ್ಚಿನ ಆ್ಯಪ್‌ಗಳಲ್ಲಿ ಈ ಹೆಸರು ಬದಲಾಯಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಗ್ರಾಹಕರ ವರ್ಗ ಅಥವಾ ಆದ್ಯತೆ ಅನ್ನೋ ಕಡೆ ಹುಡುಕಿ. ನಾವು ನಾಲ್ಕು ಹಂತ ಮಾಡಿ, ಮಾಡಬೇಕಾದ ಕೆಲಸವನ್ನೇ ಹೆಸರಾಗಿಟ್ಟೆವು: ‘ನೆನಪು’, ‘ಮಾತು’, ‘ಭೇಟಿ’, ‘ಮಂಡಳಿ’. ನೆನಪು ಅಂದರೆ ಗಡುವಿಗೆ ಮೊದಲು ಒಂದು ಮೆಸೇಜು, ಅಷ್ಟೇ. ಮಾತು ಅಂದರೆ ನಮ್ಮಲ್ಲೊಬ್ಬರು ಖುದ್ದು ಫೋನ್ ಮಾಡೋದು, ರೆಕಾರ್ಡೆಡ್ ದನಿ ಬೇಡ. ಭೇಟಿ ಅಂದರೆ ಹೇಳಿ, ದಿನ ಗೊತ್ತು ಮಾಡಿಕೊಂಡು ಹೋಗಿ ಕೂತು ಮಾತಾಡೋದು. ಮಂಡಳಿ ಅಂದರೆ ಸಿಬ್ಬಂದಿ ಇನ್ನು ಏನೂ ಮಾಡಬಾರದು, ಆಡಳಿತ ಮಂಡಳಿಯೇ ನಿರ್ಧರಿಸಬೇಕು.

ಮರ್ಯಾದೆಯ ಗಿರಾಕಿ ಅನ್ನೋ ಗುರುತು ಬೇಕೇ ಬೇಕು ಅಂದರೆ ಅದಕ್ಕೆ ಬೇರೆ ಖಾನೆ ಮಾಡಿ. ಒಂದೇ ಖಾನೆಯಲ್ಲಿ ಗೌರವವನ್ನೂ ವಸೂಲಿಯ ಆತುರವನ್ನೂ ತುಂಬಿದರೆ ನಮ್ಮ ಗತಿಯೇ ನಿಮಗೂ.

ಇವುಗಳ ಹೊರಗೆ ಐದನೆಯದು ಒಂದಿದೆ: ‘ತಡೆ’. ಮನೆಯಲ್ಲಿ ಸಾವು, ಆಸ್ಪತ್ರೆ, ಆನೆ ನುಗ್ಗಿದ ಗದ್ದೆ, ಇಲ್ಲ ಮೊಳೆಯದ ಬೀಜದ ಬಗ್ಗೆ ತಕರಾರು. ಇಂಥದ್ದು ಇದ್ದರೆ ಎಲ್ಲ ಮೆಸೇಜು, ಕರೆ ನಿಲ್ಲಬೇಕು. ತಡೆ ಹಾಕುವಾಗ ಕಾರಣ ಮತ್ತು ಮತ್ತೆ ನೋಡುವ ದಿನಾಂಕ ಎರಡನ್ನೂ ಕಡ್ಡಾಯ ಮಾಡಿ. ದಿನಾಂಕವಿಲ್ಲದ ತಡೆ ಮರೆತೇ ಹೋಗುತ್ತೆ. ಬೀಜದ ತಕರಾರು ಇರುವ ಬಿಲ್ಲನ್ನು ಮಾತ್ರ ತಡೆಯಿರಿ, ಅದೇ ರೈತರ ಬೇರೆ ಬಿಲ್ಲುಗಳು ಮಾಮೂಲಿನಂತೆ ನಡೆಯಲಿ.

ಅಂಕ ಹೇಗೆ ಹಾಕಿದೆವು

ಕೈಯಲ್ಲಿ ಆದ್ಯತೆ ಬದಲಾಯಿಸುವ ಅಧಿಕಾರವನ್ನು ತೆಗೆದೆವು. ಕೈಯಲ್ಲಿ ಹಾಕಬಹುದಾದದ್ದು ‘ತಡೆ’ ಒಂದೇ. ಉಳಿದದ್ದೆಲ್ಲ 100 ಅಂಕದ ಲೆಕ್ಕ.

ಬೆಳೆಯ ಗಡುವು ದಾಟಿ ಎಷ್ಟು ದಿನ ಆಯ್ತು ಅನ್ನುವುದಕ್ಕೆ ಹೆಚ್ಚೆಂದರೆ 40. ಮೊದಲ 15 ದಿನ ಸೊನ್ನೆ, 45ರವರೆಗೆ 10, 90ರವರೆಗೆ 25, ಆಮೇಲೆ 40. ಉದ್ರಿ ಮಿತಿಯಲ್ಲಿ ಎಷ್ಟು ಬಳಸಿದ್ದಾರೆ ಅನ್ನುವುದಕ್ಕೆ 20. ಇಲ್ಲಿ ಒಟ್ಟು ಮೊತ್ತ ನೋಡಬೇಡಿ. ಹತ್ತು ಎಕರೆಯವರ 40,000ಕ್ಕಿಂತ ಒಂದು ಎಕರೆಯವರ 9,000 ಭಾರ ಇರಬಹುದು. ಮಿತಿಯ 90% ದಾಟಿದರೆ ಪೂರ್ತಿ 20, ಅರ್ಧ ದಾಟಿದರೆ 10. ಕೊಟ್ಟ ಮಾತು ತಪ್ಪಿದ್ದಕ್ಕೆ ಸಲಕ್ಕೆ 15ರಂತೆ ಗರಿಷ್ಠ 30. ಸಂಪರ್ಕಕ್ಕೇ ಸಿಗದಿದ್ದರೆ 10. ಒಟ್ಟು 20ರ ಒಳಗೆ ನೆನಪು, 50ರವರೆಗೆ ಮಾತು, 75ರವರೆಗೆ ಭೇಟಿ, ಅದರ ಮೇಲೆ ಮಂಡಳಿ.

ಈ ಅಂಕಗಳು ನಮ್ಮ ಮಂಡಳಿ ಕೂತು ಒಪ್ಪಿದ್ದು, ಶಾಸ್ತ್ರವೇನಲ್ಲ. ನಿಮ್ಮ ಊರಿಗೆ ಬೇರೆ ಬೇಕಾಗಬಹುದು. ಆದರೆ ಮಾತು ತಪ್ಪಿದ್ದಕ್ಕೆ ಅಂಕ ಕೊಡಬೇಕಾದರೆ ಮಾತನ್ನು ಬರೆದಿಟ್ಟುಕೊಳ್ಳಬೇಕು ತಾನೇ? “ಮುಂದಿನ ವಾರ ನೋಡೋಣ” ಅಂದದ್ದು ಮಾತಲ್ಲ. ದಿನ, ಮೊತ್ತ ಎರಡೂ ಹೇಳಿದರೆ ಮಾತ್ರ ಮಾತು. ಅದನ್ನು ಫೋನ್ ಇಡುವ ಮುಂಚೆ ಅವರಿಗೇ ಓದಿ ಹೇಳಿ, ಆಮೇಲೆ ಆ್ಯಪ್‌ಗೆ ಹಾಕಿ.

ಇನ್ನೊಂದು ಸೆಟ್ಟಿಂಗ್ ತುಂಬಾ ಮುಖ್ಯ. ಬಂದ ದುಡ್ಡು ಮೊದಲು ಹಳೆಯ ಬಿಲ್ಲಿಗೆ ಜಮೆ ಆಗಬೇಕು, ಬಾಕಿ ದಿನವನ್ನು ‘ತೀರದೆ ಉಳಿದ ಅತಿ ಹಳೆಯ ಬಿಲ್ಲಿನಿಂದ’ ಎಣಿಸಬೇಕು. ‘ಕೊನೆಯ ಪಾವತಿಯಿಂದ’ ಅಂತ ಇದ್ದರೆ ತಿಂಗಳಿಗೆ ನೂರು ರೂಪಾಯಿ ಕೊಟ್ಟವರೂ ಸಾಹುಕಾರರ ಹಾಗೆ ಕಾಣುತ್ತಾರೆ.

ಈಗ ಅದೇ ಇಬ್ಬರನ್ನು ಹೊಸ ಲೆಕ್ಕಕ್ಕೆ ಹಾಕಿ ನೋಡೋಣ. ದೊಡ್ಡಪ್ಪನ ಕಬ್ಬು ಕಟಾವೇ ಆಗಿರಲಿಲ್ಲ, ಗಡುವು ಶುರುವಾಗಿಲ್ಲ: 0. ಅವರ ಮಿತಿ 50,000, ಬಾಕಿ 18,400, ಅರ್ಧ ದಾಟಿಲ್ಲ: 0. ಮಾತು ತಪ್ಪಿಲ್ಲ, ಫೋನಿಗೆ ಸಿಗುತ್ತಾರೆ. ಒಟ್ಟು ಸೊನ್ನೆ. ತರಕಾರಿ ಗೆಳೆಯನ ಹಳೆಯ ಬಿಲ್ಲು ಗಡುವು ದಾಟಿ 112 ದಿನ: 40. ಮಿತಿ 10,000ದಲ್ಲಿ 9,600: 20. ಮೂರು ಸಲ ದಿನ ಹೇಳಿ ತಪ್ಪಿಸಿದ್ದ: 30. ಫೋನ್ ಮಾತ್ರ ಮೊದಲ ರಿಂಗಿಗೇ ಎತ್ತುತ್ತಾನೆ, ಸೊನ್ನೆ. ಒಟ್ಟು 90.

ಅವನನ್ನು ಮಂಡಳಿಗೆ ಕರೆದಾಗ ಗೊತ್ತಾಯ್ತು, ಎರಡು ಕಡೆ ಮೈಕ್ರೋಫೈನಾನ್ಸ್ ಕಂತು ಇತ್ತು. ಅಲ್ಲಿ ವಾರಕ್ಕೊಮ್ಮೆ ಬಾಗಿಲಿಗೆ ಬರುತ್ತಾರೆ, ನಾವು ಬರಲ್ಲ. ಹಾಗಾಗಿ ಅವರಿಗೆ ಮೊದಲು. ಅವನಿಗೆ ಹೊಸ ಉದ್ರಿ ನಿಲ್ಲಿಸಿ, ಔಷಧಿ ನಗದಿಗೆ ಕೊಟ್ಟು, ಹಳೆಯದನ್ನು ತಿಂಗಳಿಗೆ 800ರಂತೆ ಹನ್ನೆರಡು ಕಂತು ಮಾಡಿದೆವು. ನಾವು ಅವನನ್ನು ಆರು ತಿಂಗಳ ಮುಂಚೆ ಕರೆದಿದ್ದರೆ ಬಾಕಿ ಇದರ ಅರ್ಧ ಇರುತ್ತಿತ್ತು. ‘ಲೋ’ ಅನ್ನೋ ಪದ ಅವನಿಗೂ ಒಳ್ಳೆಯದು ಮಾಡಲಿಲ್ಲ.

ಕರೆಯ ಹೊತ್ತು, ಮೆಸೇಜಿನ ಭಾಷೆ

2025ರ ಜನವರಿ ನಿಮಗೆ ನೆನಪಿರಬಹುದು. ಕಂತಿನ ಕಿರುಕುಳ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಿಂದ ಬಂತು. ಫೆಬ್ರವರಿ 12ಕ್ಕೆ ರಾಜ್ಯದಲ್ಲಿ ಕಿರು ಸಾಲ, ಸಣ್ಣ ಸಾಲದ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಜಾರಿಗೆ ಬಂತು. ಬಲವಂತ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಗೊಬ್ಬರದ ಉದ್ರಿ ಬೇರೆ, ಕೈಸಾಲ ಬೇರೆ ಅಂತ ವಾದ ಮಾಡಬಹುದು. ಆದರೆ ಬಾಗಿಲಲ್ಲಿ ನಿಂತವನ ದನಿ ಎರಡರಲ್ಲೂ ಒಂದೇ ಥರ ಕೇಳಿಸುತ್ತೆ.

ರಿಸರ್ವ್ ಬ್ಯಾಂಕ್ 2022ರಲ್ಲಿ ಹಾಕಿದ ನಿಯಮದಂತೆ ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡುವ ಹಾಗಿಲ್ಲ. ಬ್ಯಾಂಕಿನ ಉಳಿದ ಸಾಲಗಳಿಗೆ ಬೆಳಿಗ್ಗೆ 8ರಿಂದ ಸಂಜೆ 7. ನಾವು 11ರಿಂದ 4 ಇಟ್ಟುಕೊಂಡಿದ್ದೇವೆ. ಬೆಳಿಗ್ಗೆ ಸಂಜೆ ಡೇರಿ, ಮಧ್ಯೆ ಗದ್ದೆ. ರಾತ್ರಿ ತ್ರೀ ಫೇಸ್ ಕರೆಂಟ್ ಬರುವ ಊರುಗಳಲ್ಲಿ ನೀರು ಕಟ್ಟಿ ಬಂದವರು ಬೆಳಿಗ್ಗೆ 9ಕ್ಕೆ ಮಲಗಿರುತ್ತಾರೆ, ಆಗ ಕರೆ ಮಾಡಿದರೆ ಬೈಸಿಕೊಳ್ಳಬೇಕಾಗುತ್ತೆ.

ಮೆಸೇಜು ಕನ್ನಡದಲ್ಲಿರಲಿ. ಆ್ಯಪ್ ಜೊತೆ ಬರುವ ಇಂಗ್ಲಿಷ್ ಮೆಸೇಜು ವಕೀಲರ ನೋಟಿಸಿನ ಹಾಗಿರುತ್ತೆ. ನಮ್ಮದು ಹೀಗಿದೆ: “ನಮಸ್ಕಾರ. ಜುಲೈ 5ರ ಬಿಲ್ಲಿನ ಗಡುವು ಇಂಥ ದಿನ. ಬೇರೆ ದಿನ ಬೇಕಿದ್ದರೆ ಈ ನಂಬರಿಗೆ ತಿಳಿಸಿ.” ಮೊತ್ತ ಹಾಕಲ್ಲ. ಫೋನು ಮಗನ ಕೈಯಲ್ಲಿರಬಹುದು, ಸೊಸೆ ಕೈಯಲ್ಲಿರಬಹುದು. ಬಾಕಿದಾರರ ಪಟ್ಟಿಯನ್ನು ಸದಸ್ಯರ ವಾಟ್ಸಾಪ್ ಗ್ರೂಪಿಗೆ ಹಾಕಿ ಅಂತ ಒಬ್ಬ ನಿರ್ದೇಶಕರು ಸಲಹೆ ಕೊಟ್ಟರು. ದುಡ್ಡು ಬರುತ್ತೆ ನಿಜ, ಸದಸ್ಯರು ಹೋಗುತ್ತಾರೆ. ಒಪ್ಪಲಿಲ್ಲ.

ಕೊನೆಗೆ ಪರೀಕ್ಷೆ. ಹೊಸ ಸೆಟ್ಟಿಂಗ್ ಹಾಕಿದ ತಕ್ಷಣ ಕರೆ, ಮೆಸೇಜು ಆನ್ ಮಾಡಬೇಡಿ. ಪಟ್ಟಿ ಮಾತ್ರ ತೆಗೆದು ಮೇಲಿನ 20, ಕೆಳಗಿನ 20 ಹೆಸರುಗಳನ್ನು ಊರು ಗೊತ್ತಿರುವವರ ಮುಂದೆ ಓದಿ. “ಅಯ್ಯೋ, ಇವರ್ಯಾಕೆ ಇಲ್ಲಿದ್ದಾರೆ?” ಅಂದರೆ ಯಾವುದೋ ಖಾನೆ ತಪ್ಪಿದೆ. ನಾವು ಮೂರು ವಾರ ಹೀಗೇ ಓದಿದೆವು. ಎರಡನೇ ವಾರ ತೀರಿಹೋದವರ ಹೆಸರು ‘ಭೇಟಿ’ಯಲ್ಲಿತ್ತು.

ಬ್ಯಾಂಕಿನ ಪಟ್ಟಿಯಲ್ಲಿ ನೀವು

ಇದನ್ನೆಲ್ಲ ಮಾಡಿದ ಮೇಲೆ ನನ್ನದೇ ಸಾಲ ಬ್ಯಾಂಕಿನ ಕಂಪ್ಯೂಟರ್‌ನಲ್ಲಿ ಹೇಗೆ ಕಾಣುತ್ತೆ ಅಂತ ಯೋಚನೆ ಬಂತು. ಅಲ್ಲೂ ಖಾನೆಗಳೇ. ಬೈಕ್ ಸಾಲ, ವೈಯಕ್ತಿಕ ಸಾಲದಲ್ಲಿ ಕಂತು ತಪ್ಪಿದ ದಿನದ ಲೆಕ್ಕ ಮುಗಿಯುವಾಗಲೇ ಖಾತೆಗೆ ಎಸ್‌ಎಂಎ–0 ಅಂತ ಗುರುತು ಬೀಳುತ್ತೆ. 30 ದಿನ ದಾಟಿದರೆ ಎಸ್‌ಎಂಎ–1, 60 ದಾಟಿದರೆ ಎಸ್‌ಎಂಎ–2, 90 ದಾಟಿದರೆ ಎನ್‌ಪಿಎ. ಬೆಳೆ ಸಾಲಕ್ಕೆ ಈ ಲೆಕ್ಕ ಇಲ್ಲ. ಅಲ್ಪಾವಧಿ ಬೆಳೆಯಾದರೆ ಎರಡು ಬೆಳೆ ಹಂಗಾಮು, ಒಂದು ವರ್ಷಕ್ಕಿಂತ ಹೆಚ್ಚಿನ ಬೆಳೆಯಾದರೆ ಒಂದು ಹಂಗಾಮು ಬಾಕಿ ಉಳಿದರೆ ಮಾತ್ರ ಎನ್‌ಪಿಎ. ಹಂಗಾಮಿನ ಲೆಕ್ಕದ ಕೃಷಿ ಸಾಲಕ್ಕೆ ಎಸ್‌ಎಂಎ ಗುರುತೂ ಅನ್ವಯಿಸಲ್ಲ.

ಹಾಗಾಗಿ ನಿಮ್ಮ ಸಾಲ ಬ್ಯಾಂಕಿನಲ್ಲಿ ಯಾವ ಹೆಸರಲ್ಲಿ, ಯಾವ ಬೆಳೆಗೆ, ಯಾವ ಗಡುವಿಗೆ ದಾಖಲಾಗಿದೆ ಅಂತ ಹೋಗಿ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಕಬ್ಬಿಗೆ ತೆಗೆದ ಸಾಲ ರಾಗಿ ಅಂತ ಇದ್ದರೆ ಈಗಲೇ ತಿದ್ದಿಸಿ. ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ 3 ಲಕ್ಷದವರೆಗೆ 7% ಬಡ್ಡಿ, ಗಡುವಿನೊಳಗೆ ಕಟ್ಟಿದರೆ 3% ಬಿಟ್ಟು 4%. ಗಡುವು ತಪ್ಪು ದಾಖಲಾದರೆ ಆ 3% ಸಹ ಕೈತಪ್ಪಬಹುದು. ವರ್ಷಕ್ಕೊಮ್ಮೆ ಸಿಬಿಲ್‌ನಂಥ ಕಂಪನಿಗಳಿಂದ ಪೂರ್ತಿ ಕ್ರೆಡಿಟ್ ವರದಿ ಉಚಿತವಾಗಿ ಸಿಗುತ್ತೆ, ಫೋನಿನಲ್ಲೇ ತೆಗೆದು ನೋಡಿ. ಬ್ಯಾಂಕಿಗೆ ಬರೆದು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448 ನಂಬರ್ ಇದೆ.

ದುಡ್ಡು ತಡ ಆಗುತ್ತೆ ಅಂತ ಮೊದಲೇ ಗೊತ್ತಿದ್ದರೆ ಫೋನ್ ಎತ್ತಿ. ಖಂಡಿತ ಕೊಡಬಹುದಾದ ದಿನ, ಖಂಡಿತ ಕೊಡಬಹುದಾದ ಮೊತ್ತ ಹೇಳಿ. ಕಡಿಮೆಯಾದರೂ ಪರವಾಗಿಲ್ಲ. ಆ ಕಡೆ ಕೂತವನು ಅದನ್ನು ಒಂದು ಖಾನೆಗೆ ತುಂಬುತ್ತಾನೆ. ಫೋನ್ ಎತ್ತದಿದ್ದರೆ ಇನ್ನೊಂದು ಖಾನೆ ತುಂಬುತ್ತೆ.

ದೊಡ್ಡಪ್ಪನ ಷೇರು ಸರ್ಟಿಫಿಕೇಟ್ ನನ್ನ ಡ್ರಾಯರ್‌ನಲ್ಲೇ ಇತ್ತು. ಎರಡು ಸಲ ಮನೆಗೆ ಹೋಗಿ ಬಂದೆ, ದೊಡ್ಡಮ್ಮ ಕಾಫಿ ಕೊಟ್ಟರು, ಅವರು ಮಾತಾಡಲಿಲ್ಲ. ಗಿರವಿ ಬಡ್ಡಿಯನ್ನು ಕಂಪನಿಯಿಂದ ಕೊಡೋಣ ಅಂತ ಮಂಡಳಿಯಲ್ಲಿ ಕೇಳಿದೆ. ಲೆಕ್ಕಕ್ಕೆ ಬರಲ್ಲ ಅಂದರು. ಕೊಡಬೇಕಿತ್ತು ಅಂತ ಈಗಲೂ ಅನ್ನಿಸುತ್ತೆ. ಫೆಬ್ರವರಿಯಲ್ಲಿ ಕಬ್ಬು ಹೋದ ಮೇಲೆ ಅವರೇ ಬಂದರು. ಸರ ಬಿಡಿಸಿದ್ರಾ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ.

“ಯಾವ ಪಟ್ಟೀಲ್ ಇಟ್ಟಿದ್ದೀಯೋ ಈಗ ನನ್ನ?” ಅಂದರು. ಸ್ಕ್ರೀನ್ ತಿರುಗಿಸಿ ‘ನೆನಪು’ ಅಂತ ಇದ್ದದ್ದನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿ, “ಕೂಳೆಗೆ ಎರಡ್ ಮೂಟೆ ಯೂರಿಯಾ ಹಾಕು” ಅಂದು, ಡ್ರಾಯರ್ ಕಡೆ ಕೈ ಚಾಚಿದರು.